ಬಟ್ಟಲಿನ ನೀರು

ಸಿದ್ದವ್ವ ಬೆಳಗ್ಗೆ ಎದ್ದವಳು ಮೊದಲು ಕಂಚಿನ ಬಟ್ಟಲು ತಿಕ್ಕುತ್ತಿದ್ದಳು. ಹುಣಸೆಹುಳಿ, ಒಲೆಯ ಬೂದಿ, ಆಮೇಲೆ ಬಾವಿಯಿಂದ ಆಗಷ್ಟೇ ಸೇದಿದ ನೀರು. ಕೊಡದಲ್ಲಿ ಇಟ್ಟ ನೀರು ಆಗುವುದಿಲ್ಲ, ಅದು ಜೀವ ಬಿಟ್ಟ ನೀರು ಎನ್ನುತ್ತಿದ್ದಳು. ಬಟ್ಟಲು ತುಂಬಿದ ಮೇಲೆ ಸೊಸೆಯನ್ನು ಕರೆಯುತ್ತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದ ಮುದುಕಿ ತುಂಬಿದ ಬಟ್ಟಲು ಹಿಡಿದು ಬದುವಿನ ಮೇಲೆ ನಡೆಯಲಾರಳು. ಬಟ್ಟಲನ್ನು ಗಂಗಾಂಬಿಕೆ ಹಿಡಿಯುತ್ತಿದ್ದಳು. ಅತ್ತೆ ಅವಳ ವೇಲಿನ ತುದಿ ಹಿಡಿಯುತ್ತಿದ್ದಳು. ಎಂಟು ತಿಂಗಳಿಂದ ಹೀಗೇ ನಡೆದಿತ್ತು.

ಹೊಲದ ತುದಿಗೆ ಒಂದು ಹೊಂಗೆಮರ. ಅದರ ಕೆಳಗೆ ನಾಲ್ಕು ಕಲ್ಲು. ಸಿದ್ದವ್ವನ ಮಗ ಶಂಭುಲಿಂಗನನ್ನು ಅಲ್ಲಿ ಮಣ್ಣು ಮಾಡಿದ್ದರು. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕಾಲು ಮಡಿಸಿ, ಮೈಗೆ ವಿಭೂತಿ ಹಚ್ಚಿ, ಕುಣಿಯಲ್ಲಿ ಗೂಡು ಮಾಡಿ ಕೂರಿಸುತ್ತಾರೆ. ಹಾಗಾಗಿ ಅವನ ತಲೆ ನೆಲಕ್ಕೆ ಬಹಳ ದೂರವಿರಲಿಲ್ಲ. ಗಂಗಾಂಬಿಕೆಗೆ ಇದನ್ನು ಲೆಕ್ಕ ಹಾಕುವ ಅಭ್ಯಾಸ ಆಗಿಹೋಗಿತ್ತು. ಇಲ್ಲಿ ತಲೆ, ಇಲ್ಲಿ ಹಣೆ, ಇಲ್ಲಿ ಮೂಗು.

ಸಿದ್ದವ್ವ ಬಟ್ಟಲನ್ನು ಸರಿಯಾಗಿ ಅಲ್ಲೇ ಇಡಿಸುತ್ತಿದ್ದಳು. ತೋರುಬೆರಳನ್ನು ನೀರಿಗೆ ಅದ್ದಿ ಮೆಲ್ಲಗೆ ಸುತ್ತು ತಿರುಗಿಸುತ್ತಿದ್ದಳು. ನಡುನಡುವೆ ಬೆರಳೆತ್ತಿ ಒಂದು ಹನಿ ಬೀಳಿಸುತ್ತಿದ್ದಳು. ಬುಳುಕ್. ಮತ್ತೆ ಸುತ್ತು. ಮತ್ತೆ ಒಂದು ಹನಿ.

"ಬಾ," ಅನ್ನುತ್ತಿದ್ದಳು. "ಸಾಕು ಕುಡದಿದ್ದು. ನೀರೈತಿ, ಹೊರಗ ಬಾ."

ಕರೆಯುತ್ತಿದ್ದದ್ದು ಮಗನನ್ನಲ್ಲ.

ಬನವಾಸಿ ಸುತ್ತಲಿನ ಹಳ್ಳಿಗಳಲ್ಲಿ ಸಿದ್ದವ್ವನಿಗೆ ಒಂದು ಹೆಸರಿತ್ತು. ಹಳ್ಳಕ್ಕೆ ಬಾಯಿ ಹಚ್ಚಿ ನೀರು ಕುಡಿದ ದನದ ಮೂಗಿಗೆ ಜಿಗಣೆ ಹೊಗುತ್ತದೆ. ಒಮ್ಮೊಮ್ಮೆ ಮನುಷ್ಯರ ಮೂಗಿಗೂ. ಹೊಗುವಾಗ ದಾರದಷ್ಟು ಇರುತ್ತದೆ, ಗೊತ್ತೇ ಆಗುವುದಿಲ್ಲ. ಒಳಗೆ ಕೂತು ರಕ್ತ ಕುಡಿದು ಬೆರಳಿನಷ್ಟಾದ ಮೇಲೆ ಒಂದೇ ಹೊಳ್ಳೆಯಿಂದ ರಕ್ತ ಬರತೊಡಗುತ್ತದೆ. ಆಗ ಸಿದ್ದವ್ವನ ಬಳಿ ಬರುತ್ತಿದ್ದರು. ಬೆಳಗಿನಿಂದ ನೀರು ಕುಡಿಯದೆ ಬರಬೇಕು. ಮಧ್ಯಾಹ್ನದ ಬಿಸಿಲಿಗೆ ಕಟ್ಟೆಯ ಮೇಲೆ ಕೂರಿಸಿ, ಮೂಗಿನ ಕೆಳಗೆ ತಂಪು ನೀರಿನ ಬಟ್ಟಲು ಹಿಡಿದು, ಬೆರಳಿನಿಂದ ನೀರು ಕಲಕುತ್ತಿದ್ದಳು. ಯಾರೂ ಮಾತಾಡುವಂತಿಲ್ಲ. ಒಣಗಿದ ಮೂಗಿನೊಳಗಿನ ಜಿಗಣೆ ನೀರಿನ ಸದ್ದಿಗೆ, ತಂಪಿಗೆ, ತುದಿ ಹೊರಹಾಕುತ್ತಿತ್ತು. ಬೂದಿ ಹಚ್ಚಿದ ಎರಡು ಬೆರಳಿಂದ ಅವಳು ಅದನ್ನು ಹಿಡಿದು, ಎಳೆಯದೆ, ಅದು ಸೋತು ಬಿಡುವತನಕ ಹಿಡಿದೇ ಇರುತ್ತಿದ್ದಳು. ನಲವತ್ತು ವರ್ಷಗಳಲ್ಲಿ ಒಂದೂ ತಪ್ಪಿಸಿಕೊಂಡಿರಲಿಲ್ಲ.

ಶಂಭುಲಿಂಗನ ಎಡ ಹೊಳ್ಳೆಯಿಂದ ರಕ್ತ ಬಂದದ್ದು ಹಿಂದಿನ ದೀಪಾವಳಿಗಿಂತ ಹಿಂದಿನ ದೀಪಾವಳಿಗೆ. ಅವನು ಶಿರಸಿಯ ಒಂದು ಕಾರ್ಖಾನೆಯಲ್ಲಿ ಬಡಗಿ. ಬಾಗಿಲು, ದಾರಂದ, ಮಂಚ. ಹದಿನಾರು ವರ್ಷ ಸಾಗವಾನಿ, ಹಲಸು, ಬೀಟೆಯ ಹುಡಿಯಲ್ಲೇ ಉಸಿರಾಡಿದವನು. ಮನೆಗೆ ಬಂದರೆ ಹುಬ್ಬಿನ ಮೇಲೂ ಹುಡಿ. ಹಬ್ಬಕ್ಕೆ ಒಂದು ವಾರ ಮೊದಲು ಸಿದ್ದಾಪುರದ ದೊಡ್ಮನೆ ಬದಿಗೆ ಬಾಗಿಲು ಕೂರಿಸಲು ಹೋಗಿದ್ದವನು ಅಲ್ಲಿ ಹಳ್ಳದ ನೀರು ಕುಡಿದಿದ್ದ. ತಾನೇ ಹೇಳಿದ. ಅಷ್ಟು ಸಾಕಾಯಿತು.

"ಜಿಗಳಿ," ಅಂದಳು ಸಿದ್ದವ್ವ. "ನನ್ನ ಮಗನ ಮೂಗು ಹೊಕ್ಕೈತಿ ಅಂದ್ರ ಅದಕ್ಕೂ ಧೈರ್ಯ ಐತಿ."

ಆಗಲೇ ಅವಳ ಕಣ್ಣು ಮಂಜಾಗಿದ್ದವು. ಗಂಗಾಂಬಿಕೆಗೆ ಮೊಬೈಲಿನ ಬೆಳಕು ಹಾಕಿ ನೋಡಲು ಹೇಳಿದಳು. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಎಂ.ಎಸ್ಸಿ. ಮಾಡಿ, ಬನವಾಸಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದ ಸೊಸೆ. ಅವಳಿಗಿಂತ ಚೆನ್ನಾಗಿ ಇನ್ನಾರು ನೋಡಬೇಕು?

ಅವಳು ನೋಡಿದಳು. ಒಳಗೆ, ಮೇಲ್ಗಡೆ, ಬೂದುಗೆಂಪಿನ ಒಂದು ನುಣುಪಾದ ವಸ್ತು ಇತ್ತು. ತೇವವಾಗಿ ಹೊಳೆಯುತ್ತಿತ್ತು.

"ಕಾಣತೈತೇನು?"

"ಹೂಂ ಅತ್ತೀ, ಐತಿ."

"ಅಲ್ಲಾಡತೈತೇನು?"

ಬೆಳಕು ಅಲ್ಲಾಡಿತು. ಶಂಭುಲಿಂಗ ಸೀನು ಬಂದವನಂತೆ ಉಸಿರೆಳೆದ. "ಹೂಂ," ಅಂದಳು ಗಂಗಾಂಬಿಕೆ.

ಆ ರಾತ್ರಿ ಊಟದ ಹೊತ್ತಿಗೆ ಅವಳು ಗಂಡನಿಗೆ ಪಾಠವನ್ನೇ ಮಾಡಿದಳು. ಮೂಗಿನ ಜಿಗಣೆಗೊಂದು ಶಾಸ್ತ್ರೀಯ ಹೆಸರಿದೆ, ನೀರಿನ ಅಲೆಗೆ ಅದು ಹೊರಬರುವುದು ನಿಜ, ಅತ್ತೆ ಮಾಡುವುದರಲ್ಲಿ ವಿಜ್ಞಾನವಿದೆ ಎಂದಳು. ಶಂಭುಲಿಂಗ ಅನ್ನ ಕಲೆಸುತ್ತ ನಕ್ಕ.

"ಕೇಳಿದ್ಯಾ ಅವ್ವಾ? ನಿಂದೂ ಎಂ.ಎಸ್ಸಿ. ಪಾಸಾತು."

ಸಿದ್ದವ್ವನಿಗೆ ಆಗಿದ್ದ ಖುಷಿ ಗಂಗಾಂಬಿಕೆಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿತ್ತು. ಮದುವೆಯಾಗಿ ನಾಲ್ಕು ವರ್ಷಕ್ಕೆ ಅತ್ತೆ ಮೊದಲ ಸಲ ಅವಳ ತಟ್ಟೆಗೆ ಎರಡನೇ ಸೌಟು ತುಪ್ಪ ಹಾಕಿದ್ದಳು.

ಪ್ರತಿ ಭಾನುವಾರ ಬಟ್ಟಲು ಬಂತು. ಜಿಗಣೆ ಬರಲಿಲ್ಲ. ತಂಬಾಕಿನ ನೀರು ಹಾಕಿದರು, ಉಪ್ಪುನೀರು ಹಾಕಿದರು. ಒಂದೊಂದು ದಿನ ರಕ್ತ ನಿಲ್ಲುತ್ತಿತ್ತು, ಒಂದೊಂದು ದಿನ ಬರುತ್ತಿತ್ತು. ಮೂಗು ಎಡಗಡೆ ಪೂರ್ತಿ ಕಟ್ಟಿತು. ಶಂಭುಲಿಂಗ ಒಳಗಿನದಕ್ಕೆ ಬಾಡಿಗೆದಾರ ಎಂದು ಹೆಸರಿಟ್ಟ.

"ಅವ್ವಾ, ನಿನ್ನ ಬಾಡಿಗಿದಾರ ಇವತ್ತೂ ಮನಿ ಬಿಡಲಿಲ್ಲ ನೋಡು."

"ಬಿಡತಾನ ಬಿಡು. ಎಲ್ಲಿಗೆ ಹೋಗತಾನ ನನ್ನ ಕೈಯಾಗಿಂದ."

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಅವನು ಹಲಗೆಯ ತುಂಡೊಂದನ್ನು ತಂದು ಗಂಗಾಂಬಿಕೆಯ ಮೂಗಿಗೆ ಹಿಡಿದ. "ಇದು ಯಾವ ಮರ, ಹೇಳು ನೋಡೂಣು." ಅವನದು ಹಳೆಯ ಆಟ. ಕಣ್ಣು ಮುಚ್ಚಿ ವಾಸನೆಯಿಂದಲೇ ಮರ ಗುರುತಿಸುತ್ತಿದ್ದವನು, ಅವಳಿಗೂ ಕಲಿಸಿದ್ದ. "ಹಲಸು," ಅಂದಳು. "ಹಲಸಾ?" ಅಂದು ಅವನು ಆ ತುಂಡನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡೇ ನಿಂತ. ಅವನು ವಾಸನೆ ಗೊತ್ತಾಗದೆ ಕೇಳಿದ್ದ ಎಂಬುದು ಅವಳಿಗೆ ಹೊಳೆದದ್ದು ಹುಬ್ಬಳ್ಳಿಯಲ್ಲಿ, ಸ್ಕ್ಯಾನ್ ಕೋಣೆಯ ಹೊರಗಿನ ಬೆಂಚಿನ ಮೇಲೆ.

ಯುಗಾದಿಯ ಹೊತ್ತಿಗೆ ಎಡಗಣ್ಣು ಮುಂದೆ ಬಂದಿತ್ತು. ಹುಬ್ಬಳ್ಳಿಯ ದೊಡ್ಡ ಡಾಕ್ಟರು ಚಿತ್ರ ತೋರಿಸಿ ಹೇಳಿದರು: ಮೂಗಿನ ಮೇಲಿನ ಸೈನಸ್ಸಿನಲ್ಲಿ ಹುಟ್ಟಿದ ಗಡ್ಡೆ. ಕ್ಯಾನ್ಸರ್. ಕಣ್ಣಿನ ಗೂಡು ದಾಟಿದೆ, ಮಿದುಳಿನ ತಳಕ್ಕೂ ಹೋಗಿದೆ. "ಕೆಲಸ ಏನು?" ಎಂದು ಕೇಳಿದರು. ಬಡಗಿ ಎಂದಾಗ ತಲೆ ಆಡಿಸಿದರು, ಆ ಉತ್ತರ ಮೊದಲೇ ಗೊತ್ತಿದ್ದವರಂತೆ. ವರ್ಷಗಟ್ಟಲೆ ಮರದ ಹುಡಿ ಕುಡಿದವರಲ್ಲಿ ಇದು ಬರುವುದುಂಟು. ಆಮೇಲೆ ಕೇಳಿದರು, "ಇದಕ್ಕಿಂತ ಮೊದಲು ಯಾರಾದರೂ ಮೂಗಿನ ಒಳಗೆ ನೋಡಿದ್ದರಾ?"

"ಇಲ್ಲ," ಅಂದಳು ಗಂಗಾಂಬಿಕೆ.

ಅವನು ಶ್ರಾವಣದಲ್ಲಿ ಹೋದ.

ಸಿದ್ದವ್ವ ಗಡ್ಡೆ ಎಂಬ ಮಾತನ್ನು ಕೇಳಿದಳು, ಒಪ್ಪಿದಳು. ಅವಳ ಲೆಕ್ಕದಲ್ಲಿ ಅದು ಕಷ್ಟದ ಮಾತಾಗಿರಲಿಲ್ಲ. ತನ್ನ ಕೈಗೆ ಸಿಗದೆ ಒಳಗೇ ಉಳಿದ ಜಿಗಣೆ ಬೆಳೆದು ಗಡ್ಡೆಯಾಯಿತು. ಮಗ ಸತ್ತ. ಅದು ಸಾಯಲಿಲ್ಲ. ಈಗಲೂ ಅಲ್ಲೇ ಇದೆ.

"ಅಂವ ಕುಂತಾನ," ಅನ್ನುತ್ತಿದ್ದಳು. "ಬಗ್ಗಾಕ ಬರೂದಿಲ್ಲ. ನೀರು ನಾವ ಒಯ್ಯಬೇಕು. ಅದು ಹೊರಗ ಬರೂತನಕ ಅವಗ ನಿದ್ದಿ ಇಲ್ಲ."

ಗಂಗಾಂಬಿಕೆ ಎಂದೂ ಎದುರಾಡಲಿಲ್ಲ. ಎದುರಾಡಬೇಕಾದರೆ ಜಿಗಣೆ ಇರಲೇ ಇಲ್ಲ ಎನ್ನಬೇಕು. ಹಾಗೆಂದರೆ ಅತ್ತೆ ಕೇಳುತ್ತಾಳೆ: ನೀ ಅಲ್ಲಾಡತೈತಿ ಅಂದಿದ್ಯಲ್ಲ? ಅಲ್ಲಾಡಿತ್ತೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ, ಕಪಾಟಿನ ಎರಡನೇ ಸಾಲಿನಲ್ಲಿ, ಫಾರ್ಮಲಿನ್ ಬಾಟಲಿಯೊಳಗೆ ಒಂದು ಜಿಗಣೆ ಇತ್ತು. ಓದುವಾಗ ಧಾರವಾಡದಲ್ಲೂ ಅಂಥದ್ದೇ ಬಾಟಲಿ. ಪರೀಕ್ಷೆಗೆ ಅದನ್ನು ನೋಡಿ ಹೆಸರು, ಲಕ್ಷಣ ಬರೆಯಬೇಕಿತ್ತು. ಅವಳಿಗೆ ಪೂರ್ತಿ ಅಂಕ ಬಂದಿದ್ದವು. ಅವಳು ಹತ್ತಿರದಿಂದ ನೋಡಿದ್ದ ಜಿಗಣೆಗಳು ಯಾವುವೂ ಅಲ್ಲಾಡುತ್ತಿರಲಿಲ್ಲ.

ಪಾಠ ಮಾಡುವಾಗ, ಬಸ್ಸಿಗೆ ಕಾಯುವಾಗ, ತಲೆಗೆ ನೀರು ಹಾಕಿಕೊಳ್ಳುವಾಗ ಅವಳಿಗೆ ಆ ಸದ್ದು ಕೇಳುತ್ತಿತ್ತು. ಬುಳುಕ್. ಆಮೇಲೆ ಅತ್ತೆಯ ದನಿ. ಅಲ್ಲಾಡತೈತೇನು?

ಈ ಸಲದ ಯುಗಾದಿ ಕಳೆದು ಎರಡು ವಾರಕ್ಕೆ, ಒಂದು ಭಾನುವಾರ ಮಧ್ಯಾಹ್ನ, ಅಂಗಳದಲ್ಲಿ ಗಂಡ ಹೆಂಡತಿ ಬಂದು ನಿಂತರು. ಗಂಡಸು ಬಲಗಡೆಯ ಮೂಗಿಗೆ ಟವೆಲು ಒತ್ತಿಕೊಂಡಿದ್ದ.

"ಅಮಾ, ಮನೆಲಿದ್ರಾ?"

"ಯಾರದು? ದನಿ ಕೇಳಿದಂಗೈತಿ," ಅಂದಳು ಕಟ್ಟೆಯ ಮೇಲಿದ್ದ ಸಿದ್ದವ್ವ.

"ನಾನು ಮಾಸ್ತಿ. ಶಂಭಣ್ಣನ ಸಂಗಡ ಕೆಲ್ಸಕ್ಕಿದ್ದವ. ಇವ್ಳು ಸುಬ್ಬಿ, ನಮ್ಮ ಮನೆಯವ್ಳು."

ಹೆಗಡೆಕಟ್ಟಾ ಕಡೆಯ ಮಾಸ್ತಿಯನ್ನು ಗಂಗಾಂಬಿಕೆ ಮಣ್ಣಿನ ದಿನ ನೋಡಿದ್ದಳು. ಕುಣಿಗೆ ಇಳಿದು ಶಂಭುಲಿಂಗನ ಬೆನ್ನು ಆನಿಸಿ ಕೂರಿಸಿದವರಲ್ಲಿ ಅವನೂ ಒಬ್ಬ.

"ಹನ್ನೆರಡು ದಿನಾತು ಅಮಾ," ಸುಬ್ಬಿ ಶುರುಮಾಡಿದಳು. "ದಿಂಬೆಲ್ಲ ರಕ್ತ. ಆಸ್ಪತ್ರೆಗೆ ಹೋಗಿ ಅಂದ್ರೆ ಉಷ್ಣ ಅಂತರೆ. ದಿನಾ ನನ್ನ ಕೈಲಿ ಹೆಸರುಕಾಳಿನ ಪಾನಕ ಮಾಡ್ಸೂದು, ಕುಡಿಯೂದು. ಮೊನ್ನೆ ಕೇಳಿದ್ರೆ ಹೇಳ್ತರು, ಉಮ್ಮಚಗಿ ಬದಿಗೆ ಕೆಲ್ಸಕ್ಕೆ ಹೋದವ್ರು ಹಳ್ಳಕ್ಕೆ ಬಾಯಿ ಹಾಕಿ ನೀರು ಕುಡ್ದಿದ್ರಂತೆ."

"ಬಾಯಾರಿತ್ತೇ. ಎಂತ ಮಾಡೂದು. ಎಮ್ಮೆ ಹಂಗೆ ಹಾಕ್ದೆ."

"ಎಮ್ಮೆಗಾದ್ರೂ ಬುದ್ಧಿ ಇರ್ತದೆ."

ಸಿದ್ದವ್ವ ನಗಲಿಲ್ಲ. ಎಂಟು ತಿಂಗಳಲ್ಲಿ ಬಂದವರನ್ನೆಲ್ಲ ಅವಳು ವಾಪಸು ಕಳಿಸಿದ್ದಳು. ನನ್ನ ಕೈ ಸತ್ತೈತಿ, ಬ್ಯಾರೆ ಕಡೆ ಹೋಗ್ರಿ ಎಂದಿದ್ದಳು. ಇವತ್ತು ಎದ್ದು ನಿಂತಳು. ಗೋಡೆ ಹಿಡಿದುಕೊಂಡು ಮಾಸ್ತಿಯ ಹತ್ತಿರ ಬಂದು ಅವನ ಮೂಗಿನ ಮೇಲೆ ಬೆರಳಾಡಿಸಿದಳು.

"ನೀರು ಕುಡದೀಯೇನು ಇವತ್ತ?"

"ಬೆಳಗಿಂದ ಒಂದು ಹನಿ ಇಲ್ಲ. ನಿಮ್ಮ ಪದ್ಧತಿ ಗೊತ್ತದೆ ನಂಗೆ."

"ಗಂಗಾ, ಬಟ್ಟಲಾ ತಾ. ಬೂದಿ ತಾ. ಇದನ್ನ ಬಿಡೂದಿಲ್ಲ ನಾ."

ಬೆಳಗ್ಗೆ ಹೊಂಗೆಮರದ ಕೆಳಗೆ ಇಟ್ಟಿದ್ದ ಬಟ್ಟಲೇ. ಅದರ ಅಡಿಗೆ ಇನ್ನೂ ಮಣ್ಣು ಅಂಟಿತ್ತು. ಗಂಗಾಂಬಿಕೆ ಮಣ್ಣನ್ನು ವೇಲಿನಿಂದ ಒರೆಸಿ, ನೀರು ತುಂಬಿ ತಂದಳು.

"ಮೊದಲ ಬ್ಯಾಟರಿ ಹಾಕಿ ನೋಡು. ಎಷ್ಟು ಮ್ಯಾಲೈತಿ ಹೇಳು."

ಮಾಸ್ತಿ ತಲೆ ಹಿಂದಕ್ಕೆ ಹಾಕಿದ. ಅವನ ಹುಬ್ಬಿನ ಮೇಲೂ ಸಾಗವಾನಿ ಹುಡಿ ಇತ್ತು. ಗಂಗಾಂಬಿಕೆ ಮೊಬೈಲಿನ ಬೆಳಕು ಹಾಕಿದಳು. ಒಣಗಿದ ರಕ್ತ, ಕೂದಲು, ಅದರಾಚೆ ಕತ್ತಲು, ಆ ಕತ್ತಲಲ್ಲಿ ತೇವವಾಗಿ ಹೊಳೆಯುವ ಏನೋ ಒಂದು.

"ಕಾಣತೈತೇನು?"

"ಏನೋ ಐತಿ."

"ಅಲ್ಲಾಡತೈತೇನು?"

ಬೆಳಕು ನಡುಗುತ್ತಿತ್ತು. ಅವಳು ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಳು. ಆದರೂ ನಡುಗಿತು. ಮಾಸ್ತಿ ಉಸಿರೆಳೆದಾಗ ಅದು ಹಿಂದೆ ಹೋದಂತೆ, ಬಿಟ್ಟಾಗ ಮುಂದೆ ಬಂದಂತೆ ಕಂಡಿತು. ಹಿಂದಿನ ಸಲವೂ ಹೀಗೇ ಕಂಡಿತ್ತು. ಇದೇ ಕಟ್ಟೆ, ಇದೇ ಬಿಸಿಲು. ಒಂದು ಗಳಿಗೆ ಅವಳಿಗೆ ತಾನು ಹಿಡಿದಿರುವುದು ಯಾರ ಗಲ್ಲ ಎಂಬುದು ತಿಳಿಯಲಿಲ್ಲ. ಈ ಮನುಷ್ಯ ಈಗ ಕಣ್ಣು ತೆರೆದು, ಬಾಡಿಗಿದಾರ ಏನಂತಾನ ಎಂದು ಕೇಳುತ್ತಾನೆ ಅನಿಸಿತು.

ಅವಳು ಬೆಳಕು ಆರಿಸಿದಳು.

"ಗೊತ್ತಾಗವಲ್ದು ಅತ್ತೀ."

"ಹ್ವಾದ ಸಲ ಗೊತ್ತಾಗಿತ್ತಲ್ಲ?"

"ಹ್ವಾದ ಸಲಾನೂ ಗೊತ್ತಾಗಿರಲಿಲ್ಲ."

ಬೂದಿ ಹಚ್ಚಿಕೊಳ್ಳುತ್ತಿದ್ದ ಸಿದ್ದವ್ವನ ಕೈ ನಿಂತಿತು. ಮಾಸ್ತಿ ತಲೆ ಎತ್ತಿದ. ಸುಬ್ಬಿ ಒಮ್ಮೆ ಮುದುಕಿಯ ಮುಖ, ಒಮ್ಮೆ ಸೊಸೆಯ ಮುಖ ನೋಡಿದಳು.

"ಏನಂದಿ?"

"ನೀವು ಕೇಳಿದ್ರಿ. ನಾ ಹೂಂ ಅಂದೆ. ನಂಗ ಖರೇ ಗೊತ್ತಿರಲಿಲ್ಲ." ಗಂಗಾಂಬಿಕೆ ಮಾಸ್ತಿಯ ಕಡೆ ತಿರುಗಿದಳು. "ಇಲ್ಲಿ ಬ್ಯಾಡ ಮಾಸ್ತಿ. ನಾಳೆ ಬೆಳಿಗ್ಗೆ ಶಿರಸಿಗೆ ಹೋಗೂಣು. ಮೂಗಿನ ಡಾಕ್ಟರು ಅದಾರ. ನಾನೂ ಬರತೇನಿ."

"ಜಿಗಳೀನ ಅದು!" ಸಿದ್ದವ್ವನ ದನಿ ಏರಿತು. "ಹೆದರ್ಯಾಳ ಇಕಿ, ಅದಕ್ಕ ಹಿಂಗಂತಾಳ. ಕುಂದ್ರೋ ಮಾಸ್ತಿ. ಸಂಜಿ ಒಳಗ ತಗದು ನಿನ್ನ ಕೈಯಾಗ ಕೊಡತೇನಿ."

ಮಾಸ್ತಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಟವೆಲು ಹಿಂಡುತ್ತ ಕೂತ. "ಅಮ್ಮನ ಕೈ ಅಂದ್ರೆ ಕೈಯಪಾ. ನಮ್ಮ ಅಪ್ಪಂದೂ ತೆಗ್ದಿದ್ರು," ಎಂದು ನೆಲಕ್ಕೆ ಹೇಳಿದ.

"ಎದ್ಕಳಿ," ಅಂದಳು ಸುಬ್ಬಿ. ಮೆಲ್ಲಗೇ ಅಂದಳು. "ಶಂಭಣ್ಣಂಗೂ ಒಂದೇ ಬದಿ ಬರ್ತಿತ್ತು. ನೀವೇ ಹೇಳಿದ್ದು ನಂಗೆ. ಎದ್ಕಳಿ."

ಅವರು ಹೋದ ಮೇಲೆ ಸಿದ್ದವ್ವ ಬೂದಿ ಹಚ್ಚಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕತ್ತಲಾಗುವತನಕ ಕೂತಿದ್ದಳು. ಒಂದೇ ಮಾತು ಕೇಳಿದಳು.

"ಹಂಗಾರ ಐದು ತಿಂಗಳು ನಾ ಯಾವುದರ ಮುಂದ ನೀರು ಹಿಡಿದಿದ್ನೇ?"

ಅದು ಗಡ್ಡೆ ಎಂಬುದು ಹುಬ್ಬಳ್ಳಿಯ ಕಾಗದದ ಮೇಲೆ ಇತ್ತು. ಗಂಗಾಂಬಿಕೆ ನೋಡಿದ ಹೊತ್ತಿಗೆ ಅದು ಹೇಗಿತ್ತು ಎಂಬುದು ಕಾಗದದ ಮೇಲೆ ಇರಲಿಲ್ಲ.

ಶಿರಸಿಯ ಡಾಕ್ಟರು ಚೇತನಾ ಅವಳಿಗಿಂತ ಎರಡು ಮೂರು ವರ್ಷಕ್ಕೆ ದೊಡ್ಡವಳಿರಬೇಕು. "ಯಾವ ಬದಿ? ಒಂದೇ ಬದಿನಾ? ಎಷ್ಟು ದಿನಾತು?" ಎಂದು ಕೇಳಿ ಬರೆದುಕೊಂಡಳು. ಮರಗೆಲಸ ಎಂದಾಗ ಪೆನ್ನು ಒಂದು ಕ್ಷಣ ನಿಂತಿತು. ಅದನ್ನು ಗಂಗಾಂಬಿಕೆ ಮಾತ್ರ ನೋಡಿದಳು. ಮೂಗು ಮರಗಟ್ಟಲು ಔಷಧ ಹಾಕಿ, ಮಾಸ್ತಿಯನ್ನು ಕುರ್ಚಿಯಲ್ಲಿ ಒರಗಿಸಿ, ತುದಿಯಲ್ಲಿ ಬೆಳಕಿದ್ದ ಸಣ್ಣ ಕೊಳವೆಯನ್ನು ಹೊಳ್ಳೆಯೊಳಗೆ ಬಿಟ್ಟಳು. ಗೋಡೆಯ ಟಿವಿಯಲ್ಲಿ ಮೂಗಿನ ಒಳಗು ಕಂಡಿತು. ಗುಲಾಬಿ ಬಣ್ಣದ ಗುಹೆ. ಸುಬ್ಬಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

ಗುಹೆಯ ಮೇಲ್ಗಡೆ ಅದು ಇತ್ತು.

ಕಂದು ಬಣ್ಣ. ತೇವ. ಬೆಳಕು ತಾಗಿದ್ದೇ ತಡ ಕುಗ್ಗಿತು, ಗುಂಡಾಯಿತು. ಆಮೇಲೆ ಉದ್ದಕ್ಕೆ, ನಂಬಲಾರದಷ್ಟು ಉದ್ದಕ್ಕೆ ಎಳೆದುಕೊಂಡಿತು. ತುದಿಯನ್ನೆತ್ತಿ ಅತ್ತ ಒಮ್ಮೆ, ಇತ್ತ ಒಮ್ಮೆ ಹುಡುಕಿತು.

"ಎಂತದು ಡಾಕ್ಟ್ರೇ?" ಮೂಗಿನಲ್ಲೇ ಕೇಳಿದ ಮಾಸ್ತಿ.

"ಅಲ್ಲಾಡ್ಬೇಡಿ. ಜಿಗಣೆ. ಭರ್ತಿ ಉಂಡು ಕೂತಿದೆ."

"ಅಯ್ಯೋ ದೇವರೇ," ಅಂದಳು ಸುಬ್ಬಿ, ಆಮೇಲೆ ನಗತೊಡಗಿದಳು, ಆಮೇಲೆ ಅತ್ತಳು. "ಹೆಸರುಕಾಳಿನ ಪಾನಕ ಕುಡ್ಸಿ ಕುಡ್ಸಿ ನಾನೇ ಸಾಕಿದ್ದೆ ಅದನ್ನ."

ಚಿಮಟದ ತುದಿಗೆ ಬಂದ ಜಿಗಣೆಯನ್ನು ಡಾಕ್ಟರು ಸಣ್ಣ ಬಾಟಲಿಗೆ ಹಾಕಿದಳು. ಕೋಣೆಯಲ್ಲಿ ಎಲ್ಲರ ಮೈಯೂ ಹಗುರಾಗಿತ್ತು. ಗಂಗಾಂಬಿಕೆ ಮಾತ್ರ ಆರಿಹೋದ ಟಿವಿಯನ್ನೇ ನೋಡುತ್ತ ನಿಂತಿದ್ದಳು.

"ಡಾಕ್ಟರೇ, ಗಡ್ಡೆ ಇದ್ದರೆ ಅದೂ ಹೀಗೆ ಅಲ್ಲಾಡುತ್ತದೆಯೇ?"

"ಗಡ್ಡೆನಾ? ಇಲ್ಲ. ಉಸಿರಿಗೆ ಒಂಚೂರು ಅಲುಗಿದಂಗೆ ಕಾಣ್ಬೋದು ಅಷ್ಟೆ. ತಾನಾಗಿ ಅಲ್ಲಾಡಲ್ಲ. ಒಂದು ನಿಮಿಷ ಸುಮ್ನೆ ನೋಡಿದ್ರೆ ಗೊತ್ತಾಗ್ತದೆ." ಅವಳು ಕೈ ತೊಳೆಯುತ್ತ ಮಾಸ್ತಿಗೆ ಹೇಳಿದಳು, "ಒಂದೇ ಬದಿ ರಕ್ತ, ಒಂದೇ ಬದಿ ಕಟ್ಟೋದು, ಎರಡು ಮೂರು ವಾರ ದಾಟ್ತು ಅಂದ್ರೆ ಸುಮ್ನೆ ಕೂತ್ಕೋಬಾರ್ದು. ನೀವು ಹುಡಿಲಿ ಕೆಲ್ಸ ಮಾಡೋರು ಬೇರೆ. ಮಾಸ್ಕ್ ಹಾಕಿ. ವರ್ಷಕ್ಕೊಮ್ಮೆ ಬಂದು ತೋರ್ಸಿ."

ಒಂದು ನಿಮಿಷ. ಗಂಗಾಂಬಿಕೆ ಅಂದು ಹತ್ತು ಎಣಿಸುವಷ್ಟೂ ನೋಡಿರಲಿಲ್ಲ. ಅತ್ತೆ ಕೇಳಿದ್ದಳು, ಗಂಡ ನಗುತ್ತಿದ್ದ, ಒಲೆಯ ಮೇಲೆ ಹಾಲು ಇತ್ತು.

ಬಸ್‌ಸ್ಟ್ಯಾಂಡಿನಲ್ಲಿ ಸುಬ್ಬಿ ಬಾಟಲಿಯನ್ನು ಅವಳ ಕೈಗಿಟ್ಟಳು. "ಅಮ್ಮಂಗೆ ತೋರ್ಸಿ. ಅವ್ರು ಹೇಳಿದ್ದೇ ಸರಿ ಆತು. ಪಾಪ, ನಿನ್ನೆ ಎಷ್ಟು ಬೇಜಾರು ಮಾಡ್ಕಂಡ್ರೇನ."

ಬನವಾಸಿ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಸೀಟು ಸಿಕ್ಕಿತು. ಮಡಿಲಲ್ಲಿ ಬಾಟಲಿ. ಅದು ಗಾಜಿಗೆ ಅಂಟಿಕೊಂಡು, ಬಿಟ್ಟು, ಮತ್ತೆ ಅಂಟಿಕೊಳ್ಳುತ್ತಿತ್ತು. ಒಂದು ಹೊತ್ತೂ ಸುಮ್ಮನಿರಲಿಲ್ಲ. ಇದನ್ನು ಒಯ್ದು ಕೊಟ್ಟು ಸುಮ್ಮನಾದರೆ ಸಾಕಿತ್ತು. ಅತ್ತೆ ಗೆದ್ದಂತಾಗುತ್ತಿತ್ತು. ನಿನ್ನೆಯ ಮಾತು ಹೆದರಿಕೆಯಲ್ಲಿ ಆಡಿದ್ದಾಗುತ್ತಿತ್ತು. ನಾಳೆ ಬೆಳಗ್ಗೆ ಮತ್ತೆ ಬಟ್ಟಲು ಹಿಡಿದು ನಡೆದರಾಯಿತು. ಅಂದು ಅವಳು ಹೂಂ ಅಂದದ್ದು ಗಂಡನ ಜೊತೆಗೇ ಮಣ್ಣಿನಲ್ಲಿ ಕೂತಿರುತ್ತಿತ್ತು.

ಸಿದ್ದವ್ವ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಬಾಟಲಿಯನ್ನು ಕಣ್ಣಿನ ಹತ್ತಿರ ಹಿಡಿದು ಬೆಳಕಿಗೆ ತಿರುಗಿಸಿದಳು. ಕಾಣಲಿಲ್ಲ.

"ಅಲ್ಲಾಡತೈತೇನು?"

"ಹೂಂ. ಅಲ್ಲಾಡತೈತಿ."

ಮುದುಕಿಯ ಮುಖ ತೆರೆದುಕೊಂಡಿತು. ಎಂಟು ತಿಂಗಳಲ್ಲಿ ಅಂಥ ಮುಖವನ್ನು ಗಂಗಾಂಬಿಕೆ ಕಂಡಿರಲಿಲ್ಲ. "ನಾ ಹೇಳಲಿಲ್ಲೇನು? ಜಿಗಳೀನ! ನನ್ನ ಬಟ್ಟಲಕ್ಕೂ ಬರತಿತ್ತು ಅದು. ನಾಳಿ ಲಗೂನ ಏಳೂಣು ಗಂಗಾ. ಇನ್ನಷ್ಟು ತಂಪ್ ನೀರು ಒಯ್ಯೂಣು. ಅವನದೂ ಬರತೈತಿ."

ಗಂಗಾಂಬಿಕೆ ಬಾಟಲಿ ಈಸಿಕೊಂಡಳು. ಮುಚ್ಚಳ ತೆಗೆದು ಅತ್ತೆಯ ಅಂಗೈಯನ್ನು ತನ್ನ ಅಂಗೈ ಮೇಲಿಟ್ಟುಕೊಂಡು ಜಿಗಣೆಯನ್ನು ಅದರಲ್ಲಿ ಸುರಿದಳು. ಸಿದ್ದವ್ವ ಬೆಚ್ಚಲಿಲ್ಲ. ನಲವತ್ತು ವರ್ಷದ ಕೈ. ಜಿಗಣೆ ಅಂಗೈಯ ಮೇಲೆ ಮಡಚಿತು, ಚಾಚಿತು, ಬೆರಳಿನ ಸಂದಿಗೆ ಹೊರಟಿತು.

"ಅವರದು ಹಿಂಗಿರಲಿಲ್ಲ ಅತ್ತೀ."

ಸಿದ್ದವ್ವ ಬೆರಳಿನ ಸಂದಿ ಮುಚ್ಚಿದಳು.

"ಅಲ್ಲಾಡಲಿಲ್ಲ. ನೀವು ಕೇಳಿದಾಗ ನಾ ಸರಿಯಾಗಿ ನೋಡಲೇ ಇಲ್ಲ. ಅದು ಮೊದಲಿಂದಾನೂ ಗಡ್ಡೇನ. ನೀವು ಹಿಡೀಬೇಕಂದ್ರ ಅಲ್ಲಿ ಏನೂ ಇರಲಿಲ್ಲ."

ಜಿಗಣೆ ತುದಿ ಊರಿ ಕಚ್ಚಿಕೊಂಡಿತು. ಸಿದ್ದವ್ವ ಬಿಡಿಸಿಕೊಳ್ಳಲಿಲ್ಲ.

"ನಾ ಕೇಳಿದ್ನಿ," ಅಂದಳು.

"ಹೌದು."

"ಅಲ್ಲಾಡತೈತೇನು ಅಂತ ಕೇಳಿದ್ನಿ ಅಲ್ಲ?"

"ಕೇಳಿದ್ರಿ."



"ಹಂಗಾರ ಒಳಗ ಅವನ ಹತ್ರ ಏನೂ ಇಲ್ಲ."

"ಏನೂ ಇಲ್ಲ."

"ಒಬ್ಬನ ಕುಂತಾನ."

ಆಮೇಲೆ ಅವಳು ಬೂದಿ ತರಿಸಿ, ಜಿಗಣೆಯನ್ನು ಬಿಡಿಸಿ, ಹಳ್ಳಕ್ಕೆ ಬಿಟ್ಟು ಬರುವಂತೆ ಹೇಳಿದಳು. ಕಚ್ಚಿದ ಜಾಗದಿಂದ ರಕ್ತ ಬಹಳ ಹೊತ್ತು ನಿಲ್ಲಲಿಲ್ಲ.

ಮರುದಿನ ಬಟ್ಟಲು ತಿಕ್ಕುವ ಸದ್ದು ಕೇಳಲಿಲ್ಲ. ಅದು ಅಡುಗೆಮನೆಯ ಮೂಲೆಯಲ್ಲಿ ಬೋರಲು ಬಿದ್ದಿತ್ತು. ಸಿದ್ದವ್ವ ಎದ್ದಳು, ಲಿಂಗಪೂಜೆ ಮಾಡಿಕೊಂಡಳು, ರೊಟ್ಟಿ ತಟ್ಟಿದಳು, ಸೊಸೆಗೆ ಬಡಿಸಿದಳು. ಮಾತು ಮಾತ್ರ ಆಡಲಿಲ್ಲ. ಮೂರು ದಿನ ಹೀಗೇ ಕಳೆಯಿತು. ಬೈದರೆ ಚೆನ್ನಾಗಿತ್ತು ಎಂದು ಗಂಗಾಂಬಿಕೆ ಕಾದಳು. ಬೈಯಲಿಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಗಂಗಾಂಬಿಕೆ ಬಾವಿಕಟ್ಟೆಯ ಮೇಲೆ ಕೂತು ಬಟ್ಟಲಿಗೆ ಹುಣಸೆಹುಳಿ ಹಚ್ಚುತ್ತಿದ್ದಳು. ಯಾಕೆಂದು ಯಾರೂ ಕೇಳಲಿಲ್ಲ, ಅವಳೂ ಕೇಳಿಕೊಳ್ಳಲಿಲ್ಲ. ನೀರು ಸೇದಿ, ತುಂಬಿ, ಒಬ್ಬಳೇ ಬದುವಿನ ಮೇಲೆ ನಡೆದಳು. ವೇಲು ಹಿಂದಿನಿಂದ ಜಗ್ಗಲಿಲ್ಲ. ಅದು ಎಷ್ಟು ಹಗುರವಾಗಿತ್ತೆಂದರೆ ಎರಡು ಸಲ ತಿರುಗಿ ನೋಡಿದಳು.

ಹೊಂಗೆಯ ಹೂ ಉದುರಿ ನಾಲ್ಕು ಕಲ್ಲಿನ ನಡುವೆ ತುಂಬಿತ್ತು. ಹೂ ಸರಿಸಿ ಬಟ್ಟಲಿಟ್ಟಳು. ಇಲ್ಲಿ ತಲೆ, ಇಲ್ಲಿ ಹಣೆ, ಇಲ್ಲಿ ಮೂಗು. ನೀರಿಗೆ ಬೆರಳು ಹಾಕಲಿಲ್ಲ. ಮೊಣಕಾಲು ಕಟ್ಟಿಕೊಂಡು ಕೂತು ನೋಡತೊಡಗಿದಳು. ನೀರಿನಲ್ಲಿ ಎಲೆ ಕಂಡಿತು, ಎಲೆಯ ನಡುವಿನ ಆಕಾಶ ಕಂಡಿತು, ಆಕಾಶದ ಅಡಿಗೆ ಕಂಚು. ಎಷ್ಟು ಹೊತ್ತಾಯಿತೋ ತಿಳಿಯಲಿಲ್ಲ. ಬಿಸಿಲು ಮೊದಲನೆಯ ಕಲ್ಲಿಗೆ ಬಂತು.

ಹಿಂದೆ ಒಣಹುಲ್ಲು ಸದ್ದಾಯಿತು. ಸಿದ್ದವ್ವ ಕೋಲೂರಿಕೊಂಡು, ಬದುವನ್ನು ಕಾಲಿನಿಂದ ತಡವುತ್ತ, ಒಬ್ಬಳೇ ಬಂದಿದ್ದಳು. ಸೀರೆಯ ಅಂಚಿಗೆ ಮುಳ್ಳು ಹತ್ತಿದ್ದವು. ಎರಡು ಮಾರು ದೂರದಲ್ಲಿ ನಿಂತಳು.

"ಗಂಗಾ."

"ಇಲ್ಲೇ ಅದೇನಿ ಅತ್ತೀ."

"ಅಲ್ಲಾಡತೈತೇನು?"

ಗಾಳಿ ಇರಲಿಲ್ಲ. ಗಂಗಾಂಬಿಕೆ ಕೈ ಎರಡನ್ನೂ ನೆಲಕ್ಕೂರಿ, ಉಸಿರು ಹಿಡಿದು, ನೀರನ್ನೇ ನೋಡಿದಳು. ಹತ್ತು ಎಣಿಸಿದಳು. ಅರವತ್ತರತನಕ ಎಣಿಸಿದಳು.

"ಇಲ್ಲ," ಅಂದಳು.

ಸಿದ್ದವ್ವ ಕೋಲನ್ನು ಕೆಳಗಿಟ್ಟಳು. ಸೊಸೆಯ ಹೆಗಲು ಹಿಡಿದು ನಿಧಾನವಾಗಿ ಪಕ್ಕದಲ್ಲಿ ಕೂತಳು.

"ಇನ್ನೊಂಚೂರು ನೋಡು," ಅಂದಳು.